ವಿಮಾನದ ಭಾರಕ್ಕೆ ಬಾಗುವ ಕಾಂಕ್ರೀಟ್: ಒಂದು ಪರೀಕ್ಷೆಯ ಹಿನ್ನೆಲೆ

2023ರ ಫೆಬ್ರುವರಿ 27ರಂದು ಸೋಗಾನೆಯಲ್ಲಿ ಶಿವಮೊಗ್ಗದ ವಿಮಾನ ನಿಲ್ದಾಣ ಉದ್ಘಾಟನೆಯಾದಂದಿನಿಂದ ಅದರ 3,200 ಮೀಟರ್ ರನ್‌ವೇಯ ಉದ್ದವನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೇವೆ. ನೆಲದ ಬಲದ ಮಾತು ಮಾತ್ರ ಅಷ್ಟಾಗಿ ಕೇಳಿಬರುವುದಿಲ್ಲ. ವಿಮಾನಗಳು ತಾಸುಗಟ್ಟಲೆ ನಿಲ್ಲುವ, ಇಂಧನ ಚೆಲ್ಲುವ ಏಪ್ರನ್‌ಗಳಿಗೆ ಡಾಂಬರಿಗಿಂತ ಕಾಂಕ್ರೀಟನ್ನೇ ಸಾಮಾನ್ಯವಾಗಿ ಆರಿಸುತ್ತಾರೆ. ಆ ಕಾಂಕ್ರೀಟನ್ನು ಹೇಗೆ ಪರೀಕ್ಷಿಸಬೇಕೆಂಬ ಪ್ರಶ್ನೆ ಮಾತ್ರ ಬಹಳ ಹಳೆಯದು.

ಮನೆ ಕಟ್ಟಿಸಿದವರಿಗೆ ಕ್ಯೂಬ್ ಪರೀಕ್ಷೆ ಗೊತ್ತಿರುತ್ತದೆ: 150 ಮಿಲಿಮೀಟರ್ ಅಳತೆಯ ಘನವನ್ನು 28 ದಿನ ಕ್ಯೂರಿಂಗ್ ಮಾಡಿ, ಯಂತ್ರದಲ್ಲಿ ಒತ್ತಿ ಒಡೆಯುವುದು. ಆದರೆ ಚಕ್ರದ ಕೆಳಗಿನ ಚಪ್ಪಡಿ ಜಜ್ಜಿಹೋಗುವುದಿಲ್ಲ, ಬಾಗುತ್ತದೆ. ಹಳ್ಳದ ಮೇಲಿನ ಅಡಿಕೆ ಮರದ ಸಂಕ ನಡೆಯುವವರ ಭಾರಕ್ಕೆ ಬಾಗಿ ಮತ್ತೆ ನೇರವಾಗುತ್ತದೆ. ಕಾಂಕ್ರೀಟಿಗೆ ಆ ಗುಣವಿಲ್ಲ. ಎಳೆತವನ್ನು ತಾಳುವ ಅದರ ಶಕ್ತಿ ಒತ್ತಡವನ್ನು ತಾಳುವ ಶಕ್ತಿಯ ಹತ್ತನೇ ಒಂದು ಭಾಗದಷ್ಟೇ ಇರುವುದರಿಂದ, ಬಾಗಿದ ಚಪ್ಪಡಿಯ ಎಳೆತಕ್ಕೊಳಗಾದ ಮೈಯಲ್ಲಿ ಬಿರುಕು ಹುಟ್ಟುತ್ತದೆ.

ನೆಲದ ಮೇಲೆ ಹರಡಿದ ಚಪ್ಪಡಿಯಲ್ಲಿ ಈ ಎಳೆತ ಎಷ್ಟೆಂಬ ಲೆಕ್ಕವನ್ನು ಎಂಜಿನಿಯರ್ ವೆಸ್ಟರ್‌ಗಾರ್ಡ್ 1926ರಲ್ಲಿ ರಸ್ತೆಗಳಿಗಾಗಿ ಕೊಟ್ಟರು. ಮುಂದೆ ಅದನ್ನು ವಿಮಾನ ನಿಲ್ದಾಣಗಳಿಗೂ ವಿಸ್ತರಿಸಿದರು. ಹೀಗೆ ಕಾಂಕ್ರೀಟಿನ ತೊಲೆಯನ್ನು ಬಾಗಿಸಿ ಮುರಿಯುವ ಬೀಮ್ ಪರೀಕ್ಷೆಗೆ ಮಹತ್ವ ಬಂತು. ಭಾರತದಲ್ಲಿ 1959ರ ಐಎಸ್ 516 ಎಂಬ ಭಾರತೀಯ ಮಾನದಂಡ ಇದಕ್ಕೆ ನಿಯಮ ಹಾಕಿತು: 700 ಮಿಲಿಮೀಟರ್ ಉದ್ದದ ಬೀಮನ್ನು 600 ಮಿಲಿಮೀಟರ್ ಅಂತರದ ಎರಡು ಆಧಾರಗಳ ಮೇಲಿಟ್ಟು, ಆ ಅಂತರವನ್ನು ಮೂರು ಸಮಭಾಗ ಮಾಡುವ ಎರಡು ಬಿಂದುಗಳಲ್ಲಿ ಒತ್ತುವುದು.

ವಿಧಾನ ಸರಿಯೇ, ಆದರೆ ಬೀಮ್ ಬಲು ಸೂಕ್ಷ್ಮ. ಸುಮಾರು 38 ಕಿಲೋ ತೂಗುವ ಅದನ್ನು ಸಾಗಿಸುವಾಗ ಪೆಟ್ಟು ತಗಲಬಹುದು. ತೊಟ್ಟಿಯಿಂದ ತೆಗೆದು ಸ್ವಲ್ಪ ಹೊತ್ತು ಗಾಳಿಗಿಟ್ಟರೂ ಹೊರಮೈ ಒಣಗಿ ಕುಗ್ಗಿ, ಬಲ ಇರುವುದಕ್ಕಿಂತ ಕಡಿಮೆ ಕಾಣುತ್ತದೆ. ಒಳ್ಳೆಯ ಕಾಂಕ್ರೀಟ್ ಹೀಗೆ ತಿರಸ್ಕಾರಗೊಳ್ಳುವುದು ನಿಜವಾದ ನಷ್ಟ.

ಸುಲಭದ ದಾರಿಯೊಂದು ಬ್ರೆಜಿಲ್‌ನಲ್ಲಿ ಸಿಕ್ಕಿತು. ರಿಯೊ ನಗರದಲ್ಲಿ ಹೊಸ ರಸ್ತೆಗಾಗಿ ಹಳೆಯ ಚರ್ಚೊಂದನ್ನು ಉರುಳೆಗಳ ಮೇಲೆ ಸರಿಸುವ ಯೋಚನೆಯಿತ್ತು. ಕಾಂಕ್ರೀಟಿನ ಉರುಳೆ ಅಡ್ಡ ಮಲಗಿದಾಗ ಎಷ್ಟು ಭಾರ ತಾಳೀತೆಂದು ನೋಡಹೋದ ಎಂಜಿನಿಯರ್ ಕಾರ್ನೇರೊ, ಅದು ನಡುವೆ ನೇರವಾಗಿ ಸೀಳುವುದನ್ನು ಗಮನಿಸಿ, 1943ರಲ್ಲಿ ಅದನ್ನೇ ಎಳೆತದ ಪರೀಕ್ಷೆಯಾಗಿ ಮಂಡಿಸಿದರು. ಚರ್ಚ್ ಉಳಿಯಲಿಲ್ಲ, ಪರೀಕ್ಷೆ ಉಳಿಯಿತು. ಹಾಸಿದ ಚಪ್ಪಡಿಯಿಂದಲೇ ಕೊರೆದು ತೆಗೆದ ತುಂಡಿಗೂ ಅದು ಒಗ್ಗುತ್ತದೆ.

ಆದರೆ ಕ್ಯೂಬ್ ಅಥವಾ ಸೀಳು ಪರೀಕ್ಷೆಯ ಅಂಕಿಯಿಂದ ಬಾಗುವ ಬಲವನ್ನು ಊಹಿಸಬೇಕಾದರೆ ಎರಡರ ನಂಟನ್ನು ಮೊದಲೇ ಕಂಡುಕೊಂಡಿರಬೇಕು. ಕಾಂಕ್ರೀಟ್ ಕಟ್ಟಡಗಳ ಭಾರತೀಯ ಮಾನದಂಡವಾದ ಐಎಸ್ 456ರ ಸೂತ್ರದಂತೆ ಎಂ-40 ಕಾಂಕ್ರೀಟಿಗೆ, ಅಂದರೆ ಕ್ಯೂಬ್ ಬಲ ಚದರ ಮಿಲಿಮೀಟರಿಗೆ 40 ನ್ಯೂಟನ್ ಇರುವ ಕಾಂಕ್ರೀಟಿಗೆ, ಬಾಗುವ ಬಲ ಚದರ ಮಿಲಿಮೀಟರಿಗೆ ಸುಮಾರು 4.4 ನ್ಯೂಟನ್ ಬರುತ್ತದೆ. ಜಲ್ಲಿಯ ಆಕಾರ, ಅದರ ಮೈಯ ಒರಟುತನ ಬದಲಾದಂತೆ ನಿಜವಾದ ಬಲವೂ ಬದಲಾಗುತ್ತದೆ. ಹಾಗಾಗಿ ಬಯಲುಸೀಮೆಯ ಜಲ್ಲಿಗೆ ಕಂಡುಕೊಂಡ ನಂಟನ್ನು ಮಲೆನಾಡಿನ ಕ್ವಾರಿಯ ಜಲ್ಲಿಗೆ ಹಾಗೇ ಅನ್ವಯಿಸುವುದು ತಪ್ಪು. ಇಲ್ಲಿನ ಜಲ್ಲಿ, ಇಲ್ಲಿನ ಮರಳಿನಿಂದಲೇ ಬೀಮು ಎರಕ ಹೊಯ್ದು ಆ ನಂಟನ್ನು ಹೊಸದಾಗಿ ಕಂಡುಕೊಳ್ಳಬೇಕು.