ಬರ್ಬನ್ ಸಿಹಿ ಹತ್ತುತ್ತದೆ, ಸಕ್ಕರೆ ಹಾಕಿರುತ್ತಾರಾ?

ಪ್ರಶ್ನೆ: ಅಳಿಯ ಒಂದು ಜಿಮ್ ಬೀಮ್ ಬಾಟಲಿ ತಂದುಕೊಟ್ಟಿದ್ದಾನೆ, ಅಮೆರಿಕದ ಬರ್ಬನ್ ವಿಸ್ಕಿ, ಬಿಳಿ ಲೇಬಲ್‌ನದ್ದು. ಏನೂ ಬೆರೆಸದೆ ನೀಟ್ ಕುಡಿದರೆ ಸಿಹಿ ಸಿಹಿ. ಅಗ್ಗದ ಮಾಲು, ಸಕ್ಕರೆ ಪಾಕ ಬೆರೆಸಿರುತ್ತಾರೆ ಅಂತಾರೆ ಗೆಳೆಯರು. ಇದನ್ನು ನೀಟ್ ಕುಡಿಯಲೋ, ಕಾಕ್‌ಟೇಲ್‌ಗೆ ಇಡಲೋ?

ಉತ್ತರ: ಎರಡೂ ಮಾಡಿ. ಮೊದಲು ನೀಟ್, ಆಮೇಲೆ ನಿಂಬೆ-ಜೇನಿನ ಜೊತೆ. ಹೇಗೆ ಅಂತ ಕೆಳಗೆ ಬರೆದಿದ್ದೇನೆ. ಆದರೆ ಆ ಸಕ್ಕರೆ ಪಾಕದ ಮಾತಿಗೆ ಉತ್ತರ ಕೊಟ್ಟು ಕೊಟ್ಟು ಸಾಕಾಗಿದೆ ಮಾರಾಯ್ರೆ. ಇವತ್ತು ಪೂರ್ತಿ ಬಿಡಿಸಿಯೇ ಬರೆಯುತ್ತೇನೆ.

ಅನುಮಾನ ಎಲ್ಲಿಂದ ಬಂತು ಅಂತ ಗೊತ್ತು. ನಮ್ಮಲ್ಲಿ ಸಿಗುವ ಕಡಿಮೆ ಬೆಲೆಯ ವಿಸ್ಕಿಗಳಲ್ಲಿ ಹೆಚ್ಚಿನವು ಕಾಕಂಬಿಯಿಂದ ತೆಗೆದ ಸ್ಪಿರಿಟ್‌ನವು, ಬಣ್ಣಕ್ಕೆ ಕ್ಯಾರಮೆಲ್. ಅದೇ ಅಳತೆಗೋಲು ಬರ್ಬನ್‌ಗೆ ಹಿಡಿದರೆ ತಪ್ಪುತ್ತದೆ. ಅಮೆರಿಕದ ಕಾನೂನಿನಂತೆ ಬರ್ಬನ್ ಆಗಬೇಕಾದರೆ ಧಾನ್ಯದಲ್ಲಿ ಕನಿಷ್ಠ ಶೇ. 51 ಗೋವಿನ ಜೋಳ ಇರಬೇಕು, ಒಳಮೈ ಸುಟ್ಟ ಹೊಸ ಓಕ್ ಪೀಪಾಯಿಯಲ್ಲಿ ಇಡಬೇಕು. ಬಣ್ಣ, ರುಚಿ ಯಾವುದನ್ನೂ ಸೇರಿಸುವಂತಿಲ್ಲ. ನೀರೊಂದಕ್ಕೇ ಅನುಮತಿ.

‘ಹಾಗಾದರೆ ಜೋಳದ ಸಿಹಿ ಇರಬೇಕು’ ಅನ್ನುತ್ತಾರೆ. ಅದೂ ಅಲ್ಲ. ಗೇರುಹಣ್ಣಿನ ರಸ ಎಷ್ಟು ಸಿಹಿ! ಹಿಂಡಿದ ಕೈ ತೊಳೆಯುವವರೆಗೂ ಅಂಟುತ್ತದೆ. ಅದೇ ರಸ ಹುಳಿ ಬಂದು, ಭಟ್ಟಿ ಇಳಿದು ಫೆನ್ನಿಯಾದ ಮೇಲೆ ಸಿಹಿ ಎಲ್ಲಿದೆ? ಬಹುಪಾಲನ್ನು ಯೀಸ್ಟ್ ತಿಂದು ಮದ್ಯ ಮಾಡಿತು, ಉಳಿದದ್ದು ಆವಿಯ ಜೊತೆ ಮೇಲೇರದೆ ಹಂಡೆಯ ತಳದಲ್ಲೇ ಕೂತಿತು. ಜೋಳಕ್ಕೂ ಇದೇ ಗತಿ. ಭಟ್ಟಿಯಿಂದ ಇಳಿಯುವಾಗ ಬರ್ಬನ್ ನೀರಿನ ಹಾಗೆ ಬಣ್ಣವಿಲ್ಲದ್ದು.

ಸಿಹಿ ಅನ್ನಿಸುವುದು ಮರದಿಂದ. ಓಕ್ ಹಲಗೆಗೆ ಬೆಂಕಿ ತಾಗಿದಾಗ ಮರದೊಳಗಿನ ಲಿಗ್ನಿನ್ ಒಡೆದು ವೆನಿಲಿನ್ ಹುಟ್ಟುತ್ತದೆ, ವೆನಿಲಾ ಕೋಡಿನಲ್ಲಿರುವ ಅದೇ ವಸ್ತು. ಮರದ ಸಕ್ಕರೆ ಅಂಶ ಕಂದಿ ಕ್ಯಾರಮೆಲ್ ವಾಸನೆ ಬಿಡುತ್ತದೆ. ಓಕ್‌ನಲ್ಲಿರುವ ಲ್ಯಾಕ್ಟೋನ್‌ಗೆ ತೆಂಗಿನಕಾಯಿ ಪರಿಮಳ. ಶಿರಸಿ ಕಡೆ ವೆನಿಲಾ ಬೆಳೆದವರಿದ್ದರೆ ಕೇಳಿ, ಹದ ಮಾಡಿದ ಕೋಡನ್ನು ಅಗಿದರೆ ಐಸ್‌ಕ್ರೀಮಿನ ಸಿಹಿ ಇರುವುದಿಲ್ಲ. ಐಸ್‌ಕ್ರೀಮಿನಲ್ಲಿ ತಿಂದು ತಿಂದು ನಮ್ಮ ಮೂಗು ಆ ವಾಸನೆಗೆ ‘ಸಿಹಿ’ ಎಂದು ಹೆಸರಿಟ್ಟುಕೊಂಡಿದೆ, ಅಷ್ಟೆ.

ನಂಬಿಕೆ ಬರದಿದ್ದರೆ ಅಂಗೈಗೆ ನಾಲ್ಕು ಹನಿ ಹಾಕಿ ಉಜ್ಜಿ. ಮೊದಲು ಸ್ಪಿರಿಟ್‌ನ ಘಾಟು, ಅದು ಹಾರಿದ ಮೇಲೆ ಹುರಿದ ಜೋಳ, ಆಮೇಲೆ ಹಸಿ ಹಲಗೆ. ಎರಡು ನಿಮಿಷ ಬಿಟ್ಟು ಬೆರಳು ಒತ್ತಿ ನೋಡಿ, ಅಂಟುವುದಿಲ್ಲ. ಇನ್ನೊಂದು ಅಂಗೈಗೆ ಜೋನಿ ಬೆಲ್ಲ ಕದಡಿದ ನೀರು ಹಾಕಿ ಇದನ್ನೇ ಮಾಡಿ, ವ್ಯತ್ಯಾಸ ನಿಮಗೇ ಗೊತ್ತಾಗುತ್ತದೆ. ಲೇಬಲ್ ಮೇಲೆ ಹನಿ (ಜೇನು), ಆಪಲ್ ಎಂದು ಬರೆದ ಬಾಟಲಿಗಳ ಕಥೆ ಬೇರೆ. ಅವುಗಳಲ್ಲಿ ಸಕ್ಕರೆ ಇರುತ್ತದೆ, ಅವು ಬರಿಯ ಬರ್ಬನ್ ಅಲ್ಲ.

ಈಗ ನೀಟ್. ಬಂಗುಡೆ ಫ್ರೈ ತಟ್ಟೆ ಬರುವ ಮೊದಲೇ ಕುಡಿಯಿರಿ. ಖಾರ ಹತ್ತಿದ ನಾಲಿಗೆಗೆ ಏನೂ ತಿಳಿಯುವುದಿಲ್ಲ. 30 ಎಂ.ಎಲ್. ಹಾಕಿ ಐದು ನಿಮಿಷ ಬಿಡಿ. ಮೂಸುವಾಗ ಬಾಯಿ ಸ್ವಲ್ಪ ತೆರೆದಿರಲಿ. ಮೊದಲ ಗುಟುಕು ಬಾಯಿ ಸುಡುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಎರಡನೆಯದರಲ್ಲಿ ಈ ನಾಲ್ಕು ವರ್ಷದ ಜಿಮ್ ಬೀಮ್ ಹುರಿದ ಶೇಂಗಾ, ವೆನಿಲಾ ಕೊಡುತ್ತದೆ. ಬಾಯಲ್ಲಿ ತೆಳು, ಗಂಟಲಲ್ಲಿ ಬಹಳ ಹೊತ್ತು ನಿಲ್ಲುವುದಿಲ್ಲ. ಕೆಲವು ಹನಿ ನೀರು ಬಿಟ್ಟರೆ ಘಾಟು ತಗ್ಗುತ್ತದೆ. ನೀರು ಹಾಕಿದರೆ ಮರ್ಯಾದೆ ಹೋಗುವುದಿಲ್ಲ.

ಕಾಕ್‌ಟೇಲ್‌ನಲ್ಲೇ ಇದು ಚೆನ್ನಾಗಿ ಅರಳುತ್ತದೆ ಎಂಬುದು ನನ್ನ ಅಭಿಪ್ರಾಯ. ಶಿರಸಿಯ ಜೇನಿಗೆ ಅಷ್ಟೇ ಬೆಚ್ಚಗಿನ ನೀರು ಸೇರಿಸಿ ತೆಳು ಮಾಡಿಕೊಳ್ಳಿ. ಅದು 20 ಎಂ.ಎಲ್., ನಿಂಬೆರಸ 20, ಬರ್ಬನ್ 60. ಐಸ್ ಹಾಕಿ ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಕುಲುಕಿ ಸೋಸಿ. ಓಲ್ಡ್ ಫ್ಯಾಷನ್ಡ್ ಎಂಬ ಕಾಕ್‌ಟೇಲ್‌ಗೆ ಬರ್ಬನ್ ಜೊತೆ ಸಕ್ಕರೆಯ ಬದಲು ಅರ್ಧ ಚಮಚ ಜೋನಿ ಬೆಲ್ಲ, ಎರಡು ಹನಿ ಬಿಟರ್ಸ್ (ಕಹಿ ಸಾರ), ದೊಡ್ಡ ಐಸ್ ತುಂಡು ಸಾಕು.

ಇನ್ನೊಂದು ವಿಷಯ ಯಾರೂ ಕೇಳುವುದಿಲ್ಲ, ನಾನೇ ಹೇಳುತ್ತೇನೆ. ಬರ್ಬನ್‌ಗೆ ಪ್ರತಿಸಲ ಹೊಸ ಪೀಪಾಯಿಯೇ ಬೇಕಲ್ಲ, ಹಾಗಾದರೆ ಹಳೆಯವು ಏನಾಗುತ್ತವೆ? ಬಹಳಷ್ಟು ಸ್ಕಾಟ್ಲೆಂಡಿಗೆ ಹೋಗಿ ಸ್ಕಾಚ್ ತುಂಬಿಕೊಳ್ಳುತ್ತವೆ. ಕೆಲವು ನಮ್ಮ ಮಗ್ಗುಲಿಗೇ ಬಂದಿವೆ. ಗೋವಾದ ಕುಂಕಳ್ಳಿಯಲ್ಲಿ ಪಾಲ್ ಜಾನ್ ಸಿಂಗಲ್ ಮಾಲ್ಟ್ ವಿಸ್ಕಿ ಹಣ್ಣಾಗುವುದು ಹೆಚ್ಚಾಗಿ ಇಂಥ ಪೀಪಾಯಿಗಳಲ್ಲಿ. ಕಾರವಾರದಿಂದ ಮಡಗಾಂವ್ ರೈಲು ಹತ್ತಿದರೆ ಬಾಳ್ಳಿ ಸ್ಟೇಷನ್ ಬರುತ್ತದಲ್ಲ, ಅಲ್ಲೇ ಹತ್ತಿರ. ಒಮ್ಮೆ ಅಮೆರಿಕದ ಜೋಳದ ಮದ್ಯ ಕುಡಿದ ಹಲಗೆಗಳು ಅಲ್ಲಿ ಈಗ ನಮ್ಮ ದೇಶದ ಬಾರ್ಲಿಯ ಮದ್ಯ ತುಂಬಿಕೊಂಡು ಕೂತಿವೆ.