ರಾಷ್ಟ್ರೀಯ ಜೇನು ಮಂಡಳಿ ಮತ್ತು ಸಿ4 ಪರೀಕ್ಷೆ: ಜೇನು ಸಾಕಣೆ ಕಲಿಯುವವರಿಗೆ ಟಿಪ್ಪಣಿ

ಜೇನು ಸಾಕಣೆಯ ಪಾಠದಲ್ಲಿ ಪೆಟ್ಟಿಗೆ, ರಾಣಿ, ಪಾಲಾಗುವುದು (ಒಂದು ಕುಟುಂಬ ಎರಡಾಗುವುದು) ಇವೆಲ್ಲ ಕೈಯಲ್ಲಿ ಮಾಡುತ್ತಾ ಅರ್ಥವಾಗುತ್ತವೆ. ಸಂಸ್ಥೆಗಳು ಮತ್ತು ಗುಣಮಟ್ಟದ ಭಾಗ ಮಾತ್ರ ಹಾಗಲ್ಲ. ಅದರಲ್ಲೂ ಸಿ4 ಸಕ್ಕರೆಯ ಲೆಕ್ಕ, ಅಂದರೆ ಜೇನಿಗೆ ಕಬ್ಬು, ಮೆಕ್ಕೆಜೋಳದ ಪಾಕ ಬೆರೆಸಿದ್ದನ್ನು ಪತ್ತೆ ಮಾಡುವ ಲೆಕ್ಕ, ನನಗೆ ಬಹಳ ಹೊತ್ತು ತಲೆಗೇ ಹೋಗಲಿಲ್ಲ. ಈಗ ಹಿಡಿತಕ್ಕೆ ಸಿಕ್ಕಿದೆ, ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ಯಾರು ಏನು

ಹಳೆಯದು ಅಖಿಲ ಭಾರತ ಜೇನು ಸಾಕಣೆದಾರರ ಸಂಘ, 1930ರ ದಶಕದ ಕೊನೆಯದು. ಪುಣೆಯ ಕೇಂದ್ರೀಯ ಜೇನು ಸಂಶೋಧನಾ ಮತ್ತು ತರಬೇತಿ ಸಂಸ್ಥೆ 1962ರದ್ದು, ಖಾದಿ ಆಯೋಗದ ಕೆಳಗೆ ಬರುತ್ತದೆ. ಖಾದಿಯವರದೇ ಹನಿ ಮಿಷನ್ 2017ರಲ್ಲಿ ಶುರುವಾಯಿತು, ಪೆಟ್ಟಿಗೆ ಹಂಚುವುದು ಅದರ ಮುಖ್ಯ ಕೆಲಸ.

ರಾಷ್ಟ್ರೀಯ ಜೇನು ಮಂಡಳಿ ಇವೆಲ್ಲಕ್ಕಿಂತ ಬೇರೆ. 2000ದಲ್ಲಿ ಸೊಸೈಟಿಯಾಗಿ ನೋಂದಣಿಯಾಗಿ, 2006ರಲ್ಲಿ ಪುನರ್‌ರಚನೆಯಾಯಿತು. ಕೇಂದ್ರ ಕೃಷಿ ಇಲಾಖೆಯ ಕೆಳಗೆ ಕೆಲಸ ಮಾಡುತ್ತದೆ. 2020ರಲ್ಲಿ ಆತ್ಮನಿರ್ಭರ ಯೋಜನೆಯಡಿ ಘೋಷಣೆಯಾದ 500 ಕೋಟಿ ರೂಪಾಯಿಯ ರಾಷ್ಟ್ರೀಯ ಜೇನು ಸಾಕಣೆ ಮತ್ತು ಜೇನುತುಪ್ಪ ಮಿಷನ್ ಇದರ ಮೂಲಕವೇ ಜಾರಿಗೆ ಬಂತು. ಮಿಷನ್ನಿನಲ್ಲಿ ಮೂರು ಭಾಗ: ಪರಾಗಸ್ಪರ್ಶದಿಂದ ಬೆಳೆಯ ಇಳುವರಿ ಹೆಚ್ಚಿಸುವುದು, ಕೊಯ್ಲಿನ ನಂತರದ ಸಂಸ್ಕರಣೆ ಮತ್ತು ಮಾರಾಟ, ಸಂಶೋಧನೆ. ಪರೀಕ್ಷೆಗೆ ಓದುವವರು ಈ ಅನುಕ್ರಮ ನೆನಪಿಟ್ಟರೆ ಸಾಕು.

ಮೂರನೆಯದಾದ ಸಂಶೋಧನೆಯನ್ನು ನಮ್ಮ ಕಡೆಯವರು ಲಘುವಾಗಿ ನೋಡಬಾರದು. 1991-92ರ ಹೊತ್ತಿಗೆ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ಬಂದು ದಕ್ಷಿಣ ಭಾರತದ ತುಡುವೆ (ಪೆಟ್ಟಿಗೆಯಲ್ಲಿ ಸಾಕುವ ನಮ್ಮ ನಾಡಿನ ಜೇನು ಹುಳ) ಕುಟುಂಬಗಳು ಬಹುಪಾಲು ನಾಶವಾದವು. ಕೊಡಗು, ದಕ್ಷಿಣ ಕನ್ನಡದ ಹಳೆಯ ಸಾಕಣೆದಾರರು ಇವತ್ತಿಗೂ ಕಾಲವನ್ನು ಆ ರೋಗಕ್ಕೆ ಮುಂಚೆ, ರೋಗದ ನಂತರ ಎಂದೇ ಎಣಿಸುತ್ತಾರೆ. ಮರಿಹುಳು ಎರಿಯ (ಮೇಣದ ತಟ್ಟಿಯ) ಕಣದಲ್ಲಿ ತಲೆ ಮೇಲೆ ಮಾಡಿ, ನೀರು ತುಂಬಿದ ಚೀಲದಂತೆ ಸಾಯುತ್ತದೆ. ಚಿಮುಟದಲ್ಲಿ ಎತ್ತಿದರೆ ಆ ಚೀಲ ಒಡೆಯದೆ ಹಾಗೇ ಮೇಲೆ ಬರುತ್ತದೆ. ಪೆಟ್ಟಿಗೆ ಎಷ್ಟು ಹಂಚಿದರೂ ರೋಗ ಬೇಗ ಪತ್ತೆ ಮಾಡುವ ಪ್ರಯೋಗಾಲಯ ಹತ್ತಿರದಲ್ಲಿಲ್ಲದಿದ್ದರೆ ಅದು ಖಾಲಿ ಪೆಟ್ಟಿಗೆಯಾಗಿಯೇ ಉಳಿಯುತ್ತದೆ.

ಜೇನಿನ ಪರೀಕ್ಷೆಗೆ ಯಾಕಿಷ್ಟು ಮಹತ್ವ

ಕಲಬೆರಕೆಯ ಪಾಕ ಅಗ್ಗ, ಅಸಲಿ ಜೇನು ದುಬಾರಿ. ಎರಡೂ ಒಂದೇ ಬಾಟಲಿಯಲ್ಲಿ ಒಂದೇ ಹೆಸರಿನಲ್ಲಿ ಮಾರಾಟವಾದರೆ ಬೆಲೆ ಅಗ್ಗದ್ದರ ಮಟ್ಟಕ್ಕೆ ಇಳಿಯುತ್ತದೆ, ಪೆಟ್ಟು ಬೀಳುವುದು ಸಾಕಣೆದಾರನಿಗೆ. ಹಾಗಾಗಿ ನನ್ನ ಪ್ರಕಾರ ರಾಷ್ಟ್ರಮಟ್ಟದ ಸಂಸ್ಥೆ ಮಾಡಬಹುದಾದ ದೊಡ್ಡ ಉಪಕಾರ ಸಬ್ಸಿಡಿಯಲ್ಲ, ಅಸಲಿಯನ್ನು ಅಸಲಿ ಎಂದು ಸಾಬೀತು ಮಾಡುವ ವ್ಯವಸ್ಥೆ. ಒಬ್ಬ ರೈತ ತನ್ನ ಹತ್ತು ಪೆಟ್ಟಿಗೆ ಇಟ್ಟುಕೊಂಡು ಅದನ್ನು ಕಟ್ಟಲಾರ. ಗುಜರಾತಿನ ಆನಂದ್‌ನಲ್ಲಿರುವ ಎನ್‌ಡಿಡಿಬಿಯಲ್ಲಿ (ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ) 2020ರಲ್ಲಿ ದೊಡ್ಡ ಪ್ರಯೋಗಾಲಯ ಬಂದದ್ದು, ಬೆಂಗಳೂರಿನ ತೋಟಗಾರಿಕೆ ಸಂಶೋಧನಾ ಸಂಸ್ಥೆ ಐಐಎಚ್‌ಆರ್‌ಗೂ ಒಂದು ಮಂಜೂರಾದದ್ದು ಈ ಕಾರಣಕ್ಕೆ ಮುಖ್ಯ.

ಸಿ4: ನಿಧಾನವಾಗಿ ಓದಬೇಕಾದ ಭಾಗ

ಗಿಡಗಳು ಗಾಳಿಯ ಇಂಗಾಲದಿಂದ ಸಕ್ಕರೆ ಮಾಡುತ್ತವೆ. ಹಾಗೆ ಮಾಡುವ ಎರಡು ವಿಧಾನಗಳ ಹೆಸರು ಸಿ3, ಸಿ4. ಇಂಗಾಲದಲ್ಲಿ ಎರಡು ಸ್ಥಿರ ರೂಪ: ಹಗುರವಾದ 12, ಸ್ವಲ್ಪ ಭಾರದ 13. ಭಾರದ್ದು ಒಟ್ಟಿನಲ್ಲಿ ಶೇ. 1ರಷ್ಟು ಮಾತ್ರ. ಭತ್ತ, ಗೋಧಿ ಮತ್ತು ಜೇನು ಹುಳಗಳು ಮಕರಂದ ತರುವ ಬಹುಪಾಲು ಗಿಡಗಳು ಸಿ3 ಗುಂಪಿನವು. ಇವು ಭಾರದ ಇಂಗಾಲವನ್ನು ಹೆಚ್ಚಾಗಿ ಬಿಟ್ಟುಬಿಡುತ್ತವೆ. ಕಬ್ಬು, ಮೆಕ್ಕೆಜೋಳ ಸಿ4 ಗುಂಪಿನವು, ಇವು ಅಷ್ಟಾಗಿ ಬಿಡುವುದಿಲ್ಲ. ಆದ್ದರಿಂದ ಕಬ್ಬಿನ ಸಕ್ಕರೆಯಲ್ಲಿ ಭಾರದ ಇಂಗಾಲ ಹೂವಿನ ಮಕರಂದದಲ್ಲಿರುವುದಕ್ಕಿಂತ ಹೆಚ್ಚು.

ಇದನ್ನು ಅಳೆಯುವ ಸಂಖ್ಯೆ ಡೆಲ್ಟಾ, ಮತ್ತು ಅದು ಯಾವಾಗಲೂ ಋಣ ಸಂಖ್ಯೆಯಲ್ಲಿ ಬರುತ್ತದೆ. ಇಲ್ಲಿ ನಿಲ್ಲಿ. ಸಿ3 ಗಿಡಗಳದ್ದು ಸುಮಾರು −22ರಿಂದ −30, ಸಿ4 ಗಿಡಗಳದ್ದು ಸುಮಾರು −9ರಿಂದ −14. ಸೊನ್ನೆಗೆ ಹತ್ತಿರವಾದಷ್ಟೂ ಭಾರದ ಇಂಗಾಲ ಹೆಚ್ಚು. ಅಂದರೆ −10 ದೊಡ್ಡದು, −25 ಚಿಕ್ಕದು. ಜೇನಿಗೆ ಕಬ್ಬಿನ ಪಾಕ ಬೆರೆಸಿದರೆ ಸಂಖ್ಯೆ −25ರಿಂದ ಸೊನ್ನೆಯ ಕಡೆಗೆ ಏರುತ್ತದೆ. ಋಣ ಚಿಹ್ನೆ ಮರೆತು ಓದಿದರೆ ಇಡೀ ಲೆಕ್ಕ ತಲೆಕೆಳಗಾಗುತ್ತದೆ.

ಮುಂದಿನ ಪ್ರಶ್ನೆ: ಒಂದು ಜೇನಿನ ಡೆಲ್ಟಾ −23.5 ಬಂತು ಅನ್ನಿ. ಅದು ಹೂವಿನ ಸಹಜ ಗುಣವೋ, −25.5 ಇದ್ದದ್ದು ಕಲಬೆರಕೆಯಿಂದ ಏರಿತೋ? ಜೇನನ್ನಷ್ಟೇ ನೋಡಿದರೆ ಗೊತ್ತಾಗುವುದಿಲ್ಲ. ಪರಿಹಾರ ಅದೇ ಜೇನಿನೊಳಗಿದೆ. ಜೇನಿನಲ್ಲಿ ತೀರಾ ಸ್ವಲ್ಪ ಪ್ರೋಟೀನ್ ಇರುತ್ತದೆ, ಪರಾಗದಿಂದ ಮತ್ತು ಹುಳದ ಗ್ರಂಥಿಗಳಿಂದ ಬಂದದ್ದು. ಕಬ್ಬಿನ ಪಾಕದಲ್ಲಿ ಪ್ರೋಟೀನ್ ಇಲ್ಲ. ಆದ್ದರಿಂದ ಪಾಕ ಬೆರೆಸಿದರೆ ಜೇನಿನ ಡೆಲ್ಟಾ ಬದಲಾಗುತ್ತದೆ, ಪ್ರೋಟೀನಿನದು ಇದ್ದಲ್ಲೇ ಇರುತ್ತದೆ. ಪ್ರೋಟೀನನ್ನು ಬೇರ್ಪಡಿಸಿ ಅದರ ಡೆಲ್ಟಾ ಅಳೆದರೆ, ಈ ಜೇನು ಕಲಬೆರಕೆ ಇಲ್ಲದಿದ್ದರೆ ಎಷ್ಟಿರಬೇಕಿತ್ತು ಎಂಬುದಕ್ಕೆ ಜೇನೇ ಸಾಕ್ಷಿ ಹೇಳುತ್ತದೆ.

ಸೂತ್ರ: ಪ್ರೋಟೀನಿನ ಡೆಲ್ಟಾದಿಂದ ಜೇನಿನ ಡೆಲ್ಟಾ ಕಳೆಯಿರಿ. ಅದನ್ನು, ಪ್ರೋಟೀನಿನ ಡೆಲ್ಟಾದಿಂದ −9.7 ಕಳೆದು ಬಂದ ಸಂಖ್ಯೆಯಿಂದ ಭಾಗಿಸಿ. ನೂರರಿಂದ ಗುಣಿಸಿ. −9.7 ಎಂದರೆ ಸಿ4 ಪಾಕದ ಸರಾಸರಿ ಡೆಲ್ಟಾ.

ಮೊದಲ ಮಾದರಿ: ಪ್ರೋಟೀನ್ −25.2, ಜೇನು −24.9. ಮೇಲೆ −0.3, ಕೆಳಗೆ −15.5. ಉತ್ತರ ಶೇ. 1.9. ತೊಂದರೆಯಿಲ್ಲ.

ಎರಡನೆಯದು: ಪ್ರೋಟೀನ್ −25.2, ಜೇನು −22.9. ಮೇಲೆ −2.3, ಕೆಳಗೆ −15.5. ಉತ್ತರ ಶೇ. 14.8. ಕಲಬೆರಕೆ.

ನಮ್ಮ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಮಾನದಂಡದಲ್ಲಿ ಎರಡು ಮಿತಿ ಬರೆದಿರುತ್ತದೆ: ಪ್ರೋಟೀನಿನ ಡೆಲ್ಟಾದಿಂದ ಜೇನಿನದನ್ನು ಕಳೆದ ವ್ಯತ್ಯಾಸ −1ಕ್ಕಿಂತ ಕೆಳಗಿಳಿಯಬಾರದು, ಸಿ4 ಸಕ್ಕರೆ ಶೇ. 7 ಮೀರಬಾರದು. ಇವು ಎರಡು ಬೇರೆ ಬೇರೆ ನಿಯಮ ಅನ್ನಿಸುತ್ತದೆ. ಪ್ರೋಟೀನ್ −24 ಇರುವ ಜೇನಿಗೆ ಲೆಕ್ಕ ಹಾಕಿ ನೋಡಿ: −1ನ್ನು −14.3ರಿಂದ ಭಾಗಿಸಿದರೆ ಬಹುತೇಕ ಶೇ. 7. ಹೆಚ್ಚುಕಡಿಮೆ ಒಂದೇ ಗೆರೆಯನ್ನು ಎರಡು ರೀತಿ ಎಳೆದಿದ್ದಾರೆ. ಇದು ಹೊಳೆದ ಮೇಲೆ ನನಗೆ ಮಾನದಂಡದ ಪಟ್ಟಿ ಓದುವ ಭಯ ಹೋಯಿತು.

ಇದರ ಕೈಗೆ ಸಿಗದಿರುವುದು

ಅಕ್ಕಿ ಪಾಕ. ಭತ್ತ ಸಿ3 ಗುಂಪಿನದು, ಡೆಲ್ಟಾ ಹೂವಿನ ಮಕರಂದದ ಹಾಗೇ ಇರುತ್ತದೆ, ಮೇಲಿನ ಪರೀಕ್ಷೆಯಲ್ಲಿ ಆರಾಮವಾಗಿ ಪಾಸಾಗುತ್ತದೆ. ಅದಕ್ಕೆಂದೇ ಅಕ್ಕಿ ಪಾಕದ ಗುರುತುಕಾರಕ ಹುಡುಕುವ ಬೇರೆ ಪರೀಕ್ಷೆಗಳು, ಅವೂ ಸಾಲದಿದ್ದಾಗ ಎನ್‌ಎಂಆರ್ (ಜೇನಿನ ಅಣುಗಳ ಗುರುತನ್ನು ಕಾಂತಕ್ಷೇತ್ರದಲ್ಲಿ ಓದುವ ಪರೀಕ್ಷೆ) ಬಂದವು. ಅಮೆರಿಕಕ್ಕೆ ರಫ್ತಾಗುವ ಜೇನಿಗೆ 2020ರ ಆಗಸ್ಟ್‌ನಿಂದ ಎನ್‌ಎಂಆರ್ ಕಡ್ಡಾಯ. ಅದೇ ವರ್ಷ ಡಿಸೆಂಬರ್‌ನಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 13 ಬ್ರ್ಯಾಂಡ್‌ಗಳ 22 ಮಾದರಿ ಪರೀಕ್ಷಿಸಿದಾಗ ಎಲ್ಲ ಪರೀಕ್ಷೆ ದಾಟಿದ್ದು ಐದೇ. ರಫ್ತಿಗೊಂದು ಕಟ್ಟುನಿಟ್ಟು, ನಮ್ಮ ಮಕ್ಕಳು ತಿನ್ನುವುದಕ್ಕೆ ಇನ್ನೊಂದು ಅನ್ನುವುದನ್ನು ನಾನು ಒಪ್ಪಲಾರೆ.

ಮಳೆಗಾಲದ ಸಕ್ಕರೆ ಪಾಕ

ಮಲೆನಾಡು, ಕರಾವಳಿಯಲ್ಲಿ ಮಳೆಗಾಲದಲ್ಲಿ ಹೂವಿಲ್ಲ, ಸಕ್ಕರೆ ಪಾಕ ಕೊಡದೆ ಕುಟುಂಬ ಉಳಿಯುವುದಿಲ್ಲ. ನಾವು ಕೊಡುವುದು ಕಬ್ಬಿನ ಸಕ್ಕರೆ, ಅಂದರೆ ಸಿ4. ಹುಳ ಅದನ್ನು ಎರಿಯಲ್ಲಿ ತುಂಬಿಸಿಟ್ಟು, ನಂತರ ಆ ಎರಿಯೂ ಜೇನಿನ ಜೊತೆ ಜೇನು ತೆಗೆಯುವ ಯಂತ್ರಕ್ಕೆ ಹೋದರೆ ಪರೀಕ್ಷೆ ಅದನ್ನೂ ಕಲಬೆರಕೆ ಎಂದೇ ಓದುತ್ತದೆ, ನಿಮ್ಮ ಮನಸ್ಸಿನಲ್ಲಿ ಮೋಸ ಇಲ್ಲದಿದ್ದರೂ. ಸೂಪರ್ (ಜೇನು ತುಂಬಿಸಲು ಮೇಲೆ ಇಡುವ ಕೋಣೆ) ಇಡುವ ಮೊದಲೇ ಪಾಕ ನಿಲ್ಲಿಸಿ. ಮರಿಗಳು ಬೆಳೆಯುವ ಸಂಸಾರ ಕೋಣೆಯ ಎರಿಯನ್ನು ಜೇನಿಗಾಗಿ ಮುಟ್ಟಬೇಡಿ.

ನೀರಿನಂಶ, ರಬ್ಬರ್ ಜೇನು

ಮಾನದಂಡದಲ್ಲಿ ನೀರಿನಂಶ ಶೇ. 20 ದಾಟಬಾರದು. ರಬ್ಬರ್ ತೋಟದ ಜೇನು ಹೂವಿನದಲ್ಲ, ಎಲೆ ಉದುರಿ ಜನವರಿಯಿಂದ ಮಾರ್ಚ್‌ವರೆಗೆ ಬರುವ ಚಿಗುರೆಲೆಯ ತೊಟ್ಟಿನಲ್ಲಿರುವ ಗ್ರಂಥಿಗಳಿಂದ ಜಿನುಗುವ ಸಿಹಿ. ತುಡುವೆ ಅದನ್ನು ಬೇಗ ತುಂಬಿಸುತ್ತದೆ, ಆದರೆ ನಮ್ಮ ಹಸಿ ಹವೆಯಲ್ಲಿ ಆರಿಸಿ ಗಟ್ಟಿ ಮಾಡುವುದು ನಿಧಾನ. ಮುಕ್ಕಾಲು ಕಣಗಳಿಗೆ ಮೇಣದ ಮುಚ್ಚಳ ಬೀಳುವ ಮೊದಲೇ ತೆಗೆದರೆ ಜೇನು ಹುಳಿಯುತ್ತದೆ. ಕಾಯಿಸಿ ನೀರು ಇಳಿಸಬಹುದು, ಹೆಚ್ಚು ಕಾಯಿಸಿದರೆ ಎಚ್‌ಎಂಎಫ್ (ಬಿಸಿಗೆ ಸಕ್ಕರೆಯಿಂದ ಹುಟ್ಟುವ ಒಂದು ರಾಸಾಯನಿಕ) ಏರುತ್ತದೆ, ಅದಕ್ಕೂ ಕಿಲೋಗೆ 80 ಮಿಲಿಗ್ರಾಂ ಮಿತಿ ಇದೆ. ಎರಡು ಮಿತಿಗಳ ನಡುವೆ ತುಡುವೆ ಸಾಕುವವನಿಗೆ ಉಳಿಯುವ ಜಾಗ ಸಣ್ಣದು. ಮುಚ್ಚಳ ಬೀಳುವವರೆಗೆ ಕಾಯುವುದು, ನೀರಿನಂಶ ಅಳೆಯಲು ಕೈಯಲ್ಲೊಂದು ರಿಫ್ರಾಕ್ಟೋಮೀಟರ್ ಇಟ್ಟುಕೊಳ್ಳುವುದು, ಇದೇ ದಾರಿ.

ನೋಂದಣಿ

ಮಧುಕ್ರಾಂತಿ ಪೋರ್ಟಲ್ 2021ರ ಏಪ್ರಿಲ್‌ನಿಂದ ಇದೆ. ಸಾಕಣೆದಾರರು, ಸಂಸ್ಕರಣೆ ಮಾಡುವವರು, ವ್ಯಾಪಾರಿಗಳು ಅದರಲ್ಲಿ ನೋಂದಾಯಿಸಿಕೊಳ್ಳಬಹುದು, ಜೇನಿನ ಮೂಲ ಪತ್ತೆ ಮಾಡುವುದು ಉದ್ದೇಶ. ಸಾಸಿವೆ ಹೂವಿಗೆಂದು ರಾಜಸ್ಥಾನಕ್ಕೆ ಲಾರಿಯಲ್ಲಿ ಪೆಟ್ಟಿಗೆ ಸಾಗಿಸುವ ಉತ್ತರದ ಮೆಲ್ಲಿಫೆರಾ (ಯುರೋಪಿನ ತಳಿಯ ಜೇನು ಹುಳ) ಸಾಕಣೆದಾರರಿಗೆ ಇದರ ಉಪಯೋಗ ತಕ್ಷಣ ಕಾಣುತ್ತದೆ. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಟನ್ನಿಗೆ 2000 ಡಾಲರ್ ಕನಿಷ್ಠ ರಫ್ತು ಬೆಲೆ ಕಟ್ಟಿದ್ದೂ ಹೆಚ್ಚಾಗಿ ಮೆಲ್ಲಿಫೆರಾ ಜೇನಿಗೇ ಸಂಬಂಧಿಸಿದ್ದು. ಪುತ್ತೂರು, ವಿರಾಜಪೇಟೆಯ ಸಹಕಾರ ಸಂಘಗಳಿಗೆ ತುಡುವೆ ಜೇನು ಹಾಕುವವರಿಗೆ ಬೇಕಿರುವುದು ಬೇರೆ: ನೀರಿನಂಶ ಮತ್ತು ಸಿ4 ಎರಡನ್ನೂ ಹತ್ತಿರದಲ್ಲೇ, ಕೊಯ್ಲಿನ ವಾರದಲ್ಲೇ ನೋಡಿ ಹೇಳುವ ವ್ಯವಸ್ಥೆ, ಮತ್ತು ತುಡುವೆ ಜೇನಿನ ಸ್ವಭಾವ ಗಮನಿಸಿ ಬರೆದ ಪ್ರತ್ಯೇಕ ನೀರಿನಂಶದ ಮಿತಿ.