ಪೇಜ್‌ಮೇಕರ್ ಫೈಲು, ಲಿನಕ್ಸ್ ಯಂತ್ರ, ನಡುವೆ ವೈನ್

ದ್ರಾಕ್ಷಿ ಬೆಳೆಯುವ ಊರು ನಮ್ಮದು. ವಿಜಯಪುರದಲ್ಲಿ ನಿಂತು ‘ವೈನ್ ಹಾಕೀನಿ’ ಅಂದರೆ ಯಾರಾದರೂ ತಿರುಗಿ ನೋಡೇ ನೋಡುತ್ತಾರೆ. ಗಾಂಧಿ ಚೌಕದ ಹತ್ತಿರದ ಡಿಟಿಪಿ ಅಂಗಡಿಯಲ್ಲಿ ಮೊನ್ನೆ ಹಾಗೇ ಆಯಿತು. ಕಾಕಾ ಚಹಾದ ಕಪ್ಪು ಕೆಳಗಿಟ್ಟು, “ಏನ್ ಹಾಕೀಯೋ ತಮ್ಮಾ ನನ್ನ ಕಂಪ್ಯೂಟರ್‌ನ್ಯಾಗ?” ಅಂದರು.

ಅವರ ಹಳೇ ವಿಂಡೋಸ್ ಎಕ್ಸ್‌ಪಿ ಯಂತ್ರದ ಮದರ್‌ಬೋರ್ಡ್ ಸುಟ್ಟುಹೋಗಿತ್ತು. ಹಾರ್ಡ್ ಡಿಸ್ಕ್ ಮಾತ್ರ ಉಳಿದಿತ್ತು. ಅದರೊಳಗೆ ಎಷ್ಟೋ ವರ್ಷದ ಲಗ್ನಪತ್ರಿಕೆ, ಬಿಲ್ ಬುಕ್, ಸಿದ್ಧೇಶ್ವರ ಜಾತ್ರೆಯ ಹ್ಯಾಂಡ್‌ಬಿಲ್. ಎಲ್ಲವೂ ಪೇಜ್‌ಮೇಕರ್ 7 ಎಂಬ ಪುಟ ಜೋಡಿಸುವ ತಂತ್ರಾಂಶದಲ್ಲಿ ಮಾಡಿದ್ದು. ನಾನು ಹೊಂದಿಸಿಕೊಟ್ಟ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್‌ನಲ್ಲಿ ಇದ್ದದ್ದು ಉಬುಂಟು, ಅಂದರೆ ವಿಂಡೋಸ್ ಬದಲಿಗೆ ಯಂತ್ರ ನಡೆಸುವ ಲಿನಕ್ಸ್. ವಿಂಡೋಸ್‌ಗೆ ಮಾಡಿದ ಪೇಜ್‌ಮೇಕರ್ ಅಲ್ಲಿ ಸುಮ್ನೆ ಒತ್ತಿದರೆ ಏಳುವುದಿಲ್ಲ. ಅದನ್ನು ಏಳಿಸುವ ತಂತ್ರಾಂಶದ ಹೆಸರೇ ವೈನ್.

ಯಾಕೆ ಏಳುವುದಿಲ್ಲ? ಚಿಪ್ ಒಂದೇ. ಕೂಡು, ಕಳೆ ಅನ್ನುವ ಸೂಚನೆಗಳೂ ಅವೇ. ಬೇರೆ ಆಗುವುದು ಎರಡು ಕಡೆ. ಒಂದು, ಫೈಲಿನ ಕಟ್ಟು: ವಿಂಡೋಸ್‌ನ ಇಎಕ್ಸ್‌ಇ ಒಂದು ಥರ, ಲಿನಕ್ಸ್‌ನದು ಇನ್ನೊಂದು ಥರ. ಎರಡನೆಯದು, ಮುಖ್ಯವಾದದ್ದು, ಕೇಳುವ ರೀತಿ. ಪೇಜ್‌ಮೇಕರ್ ತಾನೇ ಡಿಸ್ಕ್ ಮುಟ್ಟುವುದಿಲ್ಲ. ‘ಈ ಫೈಲ್ ತೆಗೆದುಕೊಡು, ಇಲ್ಲೊಂದು ಗೆರೆ ಎಳಿ’ ಎಂದು ವಿಂಡೋಸ್‌ಗೆ ಗೊತ್ತಿರುವ ಹೆಸರುಗಳಿಂದ ಕೇಳುತ್ತದೆ. ಲಿನಕ್ಸ್‌ಗೆ ಆ ಹೆಸರುಗಳೇ ಗೊತ್ತಿಲ್ಲ.

ಸೊಲ್ಲಾಪುರದ ವ್ಯಾಪಾರಿ ನಮ್ಮ ಎಪಿಎಂಸಿಗೆ ಬಂದು ಮರಾಠಿಯಲ್ಲಿ ಒಣದ್ರಾಕ್ಷಿ ಕೇಳುತ್ತಾನೆ ಅಂದುಕೊಳ್ಳಿ. ಅಡತಿ ಅಂಗಡಿಯ ಗುಮಾಸ್ತ ಹಮಾಲರಿಗೆ ಕನ್ನಡದಲ್ಲಿ ಹೇಳಿ ಪೆಟ್ಟಿಗೆ ಎತ್ತಿಸುತ್ತಾನೆ. ಅದಕ್ಕಾಗಿ ಅಂಗಡಿಯೊಳಗೆ ಇನ್ನೊಂದು ಸೊಲ್ಲಾಪುರ ಕಟ್ಟಬೇಕಿಲ್ಲ, ಅಲ್ವಾ? ವೈನ್ ಆ ಗುಮಾಸ್ತ. ವರ್ಚುವಲ್ ಮಷಿನ್ (ಯಂತ್ರದೊಳಗೊಂದು ಕಾಲ್ಪನಿಕ ಯಂತ್ರ) ಅಂದರೆ ಸೊಲ್ಲಾಪುರವನ್ನೇ ಒಳಗೆ ಕಟ್ಟುವ ದಾರಿ. ಇಡೀ ವಿಂಡೋಸ್ ಬೇಕು, ಅದರ ಲೈಸೆನ್ಸ್ ಬೇಕು, ಜಾಸ್ತಿ ರ‍್ಯಾಮ್ ಬೇಕು. ಕಾಕಾನ ಲ್ಯಾಪ್‌ಟಾಪ್‌ನಲ್ಲಿ ಇದ್ದದ್ದು 4 ಜಿಬಿ.

ವಿಂಡೋಸ್ ತಂತ್ರಾಂಶವನ್ನು ಬೇರೆ ವ್ಯವಸ್ಥೆಯಲ್ಲಿ ಓಡಿಸುವ ಯೋಚನೆ ವೈನ್‌ಗಿಂತ ಹಳೆಯದು. 1992ರಲ್ಲಿ ಬಂದ ಐಬಿಎಂನ ಓಎಸ್/2 2.0 ಎಂಬ ವ್ಯವಸ್ಥೆ ವಿಂಡೋಸ್ ತಂತ್ರಾಂಶಗಳನ್ನು ತನ್ನೊಳಗೇ ಓಡಿಸುತ್ತಿತ್ತು. ಜನರಿಗೆ ಅನುಕೂಲ, ಐಬಿಎಂಗೆ ಪೆಟ್ಟು. ವಿಂಡೋಸ್‌ಗೆ ಬರೆದದ್ದೇ ಅಲ್ಲಿ ಓಡುತ್ತದೆ ಅಂದಮೇಲೆ ಓಎಸ್/2ಗೆ ಅಂತ ಬೇರೆ ಬರೆಯುವವರು ಯಾರು? ಸನ್ ಕಂಪನಿ ಇನ್ನೊಂದು ದಾರಿ ಹಿಡಿಯಿತು. ತನ್ನ ಸೋಲಾರಿಸ್ ಎಂಬ ವ್ಯವಸ್ಥೆಯ ಮೇಲೆ ವಿಂಡೋಸ್ 3.1ರ ತಂತ್ರಾಂಶ ಓಡಿಸಲು ‘ವಾಬಿ’ ತಂದಿತು. ಜೊತೆಗೆ, ವಿಂಡೋಸ್‌ನ ಆ ಹೆಸರುಗಳ ಪಟ್ಟಿ ಒಂದು ಕಂಪನಿಯ ಸ್ವತ್ತಾಗದೆ ಎಲ್ಲರ ಮಾನದಂಡ ಆಗಲಿ ಎಂದು ಓಡಾಡಿತು. 1995ರಲ್ಲಿ ಇಸಿಎಂಎ-234 ಎಂಬ ಹೆಸರಲ್ಲಿ ಅದು ಅಚ್ಚಾಯಿತು ಕೂಡ. ಬಳಕೆಗೆ ಬರಲೇ ಇಲ್ಲ. ಆಗ ಅದು ಗೆದ್ದಿದ್ದರೆ ಕಾಕಾನ ಅಂಗಡಿಯಲ್ಲಿ ನನಗೆ ಕೆಲಸವೇ ಇರುತ್ತಿರಲಿಲ್ಲ ಅನಿಸುತ್ತದೆ.

ವಾಬಿಯನ್ನು ನೋಡಿ 1993ರಲ್ಲಿ ಬಾಬ್ ಆಮ್‌ಸ್ಟಾಟ್ ಮತ್ತು ಎರಿಕ್ ಯಂಗ್‌ಡೇಲ್ ಲಿನಕ್ಸ್‌ಗಾಗಿ ವೈನ್ ಶುರು ಮಾಡಿದರು. ಮರುವರ್ಷ ಅಲೆಕ್ಸಾಂಡ್ರ್ ಜೂಲಿಯಾರ್ ಹೊಣೆ ವಹಿಸಿಕೊಂಡರು. ವೈನ್ 1.0 ಹೊರಬಂದದ್ದು 2008ರ ಜೂನ್‌ನಲ್ಲಿ. ಹದಿನೈದು ವರ್ಷ!

ಅಷ್ಟು ವರ್ಷ ಹಿಡಿಯಲು ಕಾರಣ ಇದೆ. ಕೇಳುವ ಹೆಸರುಗಳೇ ಸಾವಿರಾರು. ಕೆಲವಕ್ಕೆ ವಿವರಣೆಯೇ ಇಲ್ಲ. ವಿಂಡೋಸ್‌ನ ಮೂಲ ಕೋಡ್ ನೋಡುವ ಹಾಗಿಲ್ಲ. ಸೋರಿ ಬಂದ ಕೋಡ್ ಓದಿದವರು ಬರೆದದ್ದನ್ನು ವೈನ್‌ನವರು ಸೇರಿಸಿಕೊಳ್ಳುವುದಿಲ್ಲ. ಹಾಗಾಗಿ ಚಿಕ್ಕ ಚಿಕ್ಕ ಪರೀಕ್ಷೆ ಬರೆದು, ವಿಂಡೋಸ್ ಮೇಲೆ ಓಡಿಸಿ, ‘ಇದನ್ನು ಕೇಳಿದರೆ ಏನು ಉತ್ತರ ಕೊಡುತ್ತದೆ’ ಎಂದು ನೋಡಿ ಅದರಂತೆ ಬರೆಯುತ್ತಾರೆ. ಉತ್ತರ ತಪ್ಪಿದ್ದರೆ ತಪ್ಪನ್ನೂ ಹಾಗೇ ಬರೆಯಬೇಕು. ಯಾವುದೋ ತಂತ್ರಾಂಶ ಆ ತಪ್ಪನ್ನೇ ನಂಬಿಕೊಂಡಿರುತ್ತದೆ.

ಮೈಕ್ರೋಸಾಫ್ಟ್‌ನ ವರಸೆಯೂ ಬದಲಾಗುತ್ತಾ ಬಂತು. 2005ರಲ್ಲಿ ಅದರ ಅಸಲಿ-ನಕಲಿ ತಪಾಸಣೆ, ಯಂತ್ರದಲ್ಲಿ ವೈನ್ ಇದೆಯಾ ಎಂದು ಹುಡುಕುತ್ತಿತ್ತು. 2016ರಲ್ಲಿ ಅದೇ ಕಂಪನಿ ಲಿನಕ್ಸ್ ತಂತ್ರಾಂಶಗಳನ್ನು ವಿಂಡೋಸ್ ಒಳಗೆ ಓಡಿಸುವ ವ್ಯವಸ್ಥೆ ತಂದಿತು. 2024ರಲ್ಲಿ, ಡಾಟ್‌ನೆಟ್ ತಂತ್ರಾಂಶಗಳನ್ನು ಲಿನಕ್ಸ್ ಮೇಲೂ ಓಡಿಸುವ ತನ್ನ ಮೊನೊ ಯೋಜನೆಯನ್ನು ವೈನ್‌ನವರ ಕೈಗೇ ಕೊಟ್ಟಿತು. ಈ ನಡುವೆ ವೈನ್‌ಗೆ ಬಲ ಬಂದದ್ದು ಕಂಪ್ಯೂಟರ್ ಆಟದ ಕಡೆಯಿಂದ. ವಾಲ್ವ್ ಕಂಪನಿ 2018ರಲ್ಲಿ ವೈನ್ ಮೇಲೆ, ವಿಂಡೋಸ್ ಆಟಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ಪ್ರೋಟಾನ್ ಕಟ್ಟಿತು, 2022ರಲ್ಲಿ ಅದನ್ನೇ ನೆಚ್ಚಿಕೊಂಡ, ಕೈಯಲ್ಲಿ ಹಿಡಿದು ಆಡುವ ಸ್ಟೀಮ್ ಡೆಕ್ ಯಂತ್ರ ಮಾರಿತು. ಹುಡುಗರ ಆಟಕ್ಕೆ ಬಂದ ದುಡ್ಡು ನಮ್ಮ ಲಗ್ನಪತ್ರಿಕೆಗೂ ಉಪಕಾರ ಮಾಡಿದೆ.

ಕನ್ನಡದವರಿಗೆ ಇನ್ನೊಂದು ತೊಡಕಿದೆ. ‘ಫೈಲ್‌ನ್ನು ಬೇರೆ ತಂತ್ರಾಂಶದಲ್ಲಿ ತೆರೆಯಿರಿ’ ಎಂದು ಹೇಳುವವರಿಗೆ ಇದು ಗೊತ್ತಿರುವುದಿಲ್ಲ. 2001ರ ಪೇಜ್‌ಮೇಕರ್ 7ಕ್ಕೆ ಯೂನಿಕೋಡ್ (ಎಲ್ಲ ಭಾಷೆಯ ಅಕ್ಷರಗಳಿಗೂ ಒಂದೇ ಸಂಕೇತಪಟ್ಟಿ) ಕನ್ನಡ ಬರುವುದಿಲ್ಲ. ಅದಕ್ಕೇ ನುಡಿ, ಬರಹದಂಥ ತಂತ್ರಾಂಶಗಳ ಹಳೇ ಫಾಂಟ್‌ಗಳು ಕನ್ನಡ ಅಕ್ಷರದ ತುಂಡುಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿದವು. ಫಾಂಟ್ ಇದ್ದರೆ ಕನ್ನಡ. ಇಲ್ಲದಿದ್ದರೆ ತಲೆಗೆ ಟೋಪಿ ಹಾಕಿದ ಇಂಗ್ಲಿಷ್ ಅಕ್ಷರಗಳ ಸಾಲು. ಪರಿವರ್ತಕಗಳು ಅಕ್ಷರವನ್ನು ಯೂನಿಕೋಡ್‌ಗೆ ತರುತ್ತವೆ, ಆದರೆ ಗಣಪತಿ ಎಲ್ಲಿ, ಬಾರ್ಡರ್ ಎಲ್ಲಿ, ‘ಸುಖಾಗಮನ ಬಯಸುವವರು’ ಎಲ್ಲಿ ಅನ್ನುವ ಜೋಡಣೆ ಹೋಗುತ್ತದೆ. ಡಿಟಿಪಿಯವರಿಗೆ ಜೋಡಣೆಯೇ ಬಂಡವಾಳ.

ವೈನ್ ಹಾಕಿದಾಗ ಒಂದು ಅಡಗಿಸಿಟ್ಟ ಫೋಲ್ಡರ್ ಹುಟ್ಟುತ್ತದೆ. ಒಳಗೆ ನೋಡಿದರೆ ಸಿ ಡ್ರೈವ್, ಅದರೊಳಗೆ ವಿಂಡೋಸ್, ಅದರೊಳಗೆ ಫಾಂಟ್ಸ್. ಹಳೇ ಡಿಸ್ಕ್‌ನಿಂದ ನುಡಿ ಫಾಂಟ್‌ಗಳನ್ನು ಅಲ್ಲಿಗೆ ಹಾಕಿದೆ. ಕಾಕಾನ ಸೀಡಿಯಿಂದ ಪೇಜ್‌ಮೇಕರ್ ಏರಿಸಿದೆ. 2007ರ ಒಂದು ಲಗ್ನಪತ್ರಿಕೆ ತೆರೆಯಿತು. ಒತ್ತಕ್ಷರಗಳೂ ತಮ್ಮ ಜಾಗದಲ್ಲೇ ಇದ್ದವು. ಕಾಕಾ ಕನ್ನಡಕ ಏರಿಸಿ, “ಇಂವ ಮೊನ್ನೆ ಅಂಗಡಿ ಓಪನಿಂಗ್ ಕಾರ್ಡ್‌ಗೆ ಬಂದಿದ್ದ” ಅಂದರು. ಪ್ರಿಂಟ್ ಹೊಡೆದಾಗ ಅಂಚಿನಲ್ಲಿ ಸ್ವಲ್ಪ ಕತ್ತರಿಸಿಹೋಯಿತು. ಕಾಗದದ ಅಳತೆ ಲೆಟರ್ ಅಂತ ಇತ್ತು. ಎ4 ಮಾಡಿದ ಮೇಲೆ ಸರಿಯಾಯಿತು.

ಆದರೆ ಮರಾಠಿ ಕಾರ್ಡ್‌ಗಳಿಗೆ ಅಂತ ಅವರು ಕೊಂಡಿದ್ದ ಇನ್ನೊಂದು ತಂತ್ರಾಂಶ ಏಳಲಿಲ್ಲ. ಅದಕ್ಕೆ ಯಂತ್ರದ ಹಿಂದೆ ಚುಚ್ಚುವ ಲಾಕ್ ಬೇಕು. ಆ ಲಾಕ್‌ನ ಡ್ರೈವರ್ ವಿಂಡೋಸ್‌ನ ಒಡಲೊಳಗೇ (ಕರ್ನೆಲ್‌ಗೇ) ಇಳಿಯುವಂಥದ್ದು. ವೈನ್‌ನಲ್ಲಿ ಆ ಒಡಲೇ ಇಲ್ಲ. ಲಾಕ್ ಈಗ ಡ್ರಾವರ್‌ನಲ್ಲಿ ಸ್ಟೇಪ್ಲರ್ ಪಿನ್ ಡಬ್ಬಿಯೊಳಗೆ ಇದೆ. ಹಳೇ ಎಕ್ಸ್‌ಪಿ ಯಂತ್ರ ಎಲ್ಲಾದರೂ ಸಿಕ್ಕರೆ ಹೇಳು ಅಂದಿದ್ದಾರೆ ಕಾಕಾ.